ಏಳು ಅಡಿಯ ಚಿತ್ರ, ನಾಲ್ಕು ಅಡಿಯ ಪೆಟ್ಟಿಗೆ



ಇತ್ತೀಚೆಗೆ ಬ್ರಹ್ಮಾವರದಲ್ಲಿ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿ ಕುಳಿತು, "ಸಾರ್, ಕಪ್ಪು ಪಟ್ಟಿಯ ಸಿಡಿ ನೆನಪಿದೆಯಾ?" ಎಂದು ನಗುತ್ತ ಕೇಳಿದ. ನೆನಪಿಲ್ಲದೆ ಏನು! ಆ ಪ್ರಸಂಗವನ್ನೂ ಅದರ ಹಿಂದಿನ ಇತಿಹಾಸವನ್ನೂ ಬರೆದಿಡುವುದು ನನ್ನ ಮೇಲಿರುವ ಒಂದು ಋಣ.

2003ರ ಸುಮಾರಿಗೆ ನಾನು ಬೈಂದೂರು ಕಡೆಯ ಪ್ರೌಢಶಾಲೆಯೊಂದರಲ್ಲಿದ್ದೆ. ಪರೀಕ್ಷೆ ಮುಗಿದ ಶನಿವಾರ ಮಕ್ಕಳಿಗೆ ಒಂದು ಕನ್ನಡ ಸಿನಿಮಾ ತೋರಿಸುವುದೆಂದಾಯಿತು. ಈ ಹುಡುಗ ಮನೆಯಿಂದ ವಿಸಿಡಿ ತಂದಿದ್ದ. ಹಾಕಿ ನೋಡಿದರೆ ಟಿವಿಯ ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ. ನಡುವೆ ಸಣ್ಣ ಚಿತ್ರ. "ಅರ್ಧ ಚಿತ್ರ ಕತ್ತರಿಸಿಹೋದ ಸಿಡಿಯನ್ನು ಯಾಕೆ ತಂದೆ?" ಎಂದು ಎಲ್ಲರೆದುರು ಗದರಿ, ಅಂಗಡಿಯಿಂದ ಪರದೆ ತುಂಬುವ ಇನ್ನೊಂದು ಪ್ರತಿಯನ್ನು ತರಿಸಿದೆ. "ಸಾರ್, ಇದರಲ್ಲೇ ಜಾಸ್ತಿ ಕಾಣ್ತದೆ" ಎಂದು ಅವನು ಹೇಳಿದ್ದು ನನ್ನ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ.

ಮೂಕಿಚಿತ್ರಗಳ ಕಾಲದಿಂದಲೂ ಸಿನಿಮಾದ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿತ್ತು. ಮಾತು ಬಂದ ಮೇಲೆ, 1932ರಲ್ಲಿ, ಅದು 1.37ಕ್ಕೆ ನಿಂತಿತು. ಟೆಲಿವಿಷನ್ ಹುಟ್ಟಿದಾಗ ಸಿನಿಮಾದ ಆಕಾರವನ್ನೇ ಎರವಲು ಪಡೆಯಿತು. ಆದರೆ ಅಮೆರಿಕದಲ್ಲಿ ಜನರು ಮನೆಯ ಪೆಟ್ಟಿಗೆಯ ಮುಂದೆ ಕೂರತೊಡಗಿದಾಗ ಚಿತ್ರಮಂದಿರಗಳು ಬರಿದಾದವು. ಅವರನ್ನು ಮರಳಿ ಕರೆತರಲು ಪೆಟ್ಟಿಗೆಯಲ್ಲಿ ಹಿಡಿಸದಷ್ಟು ಅಗಲದ ಚಿತ್ರ ಬೇಕಾಯಿತು. 1953ರಲ್ಲಿ 'ದಿ ರೋಬ್' ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂದದ್ದು ಹೀಗೆ. ಫ್ರಾನ್ಸಿನ ಆನ್ರಿ ಕ್ರೆತಿಯೆನ್ ರೂಪಿಸಿದ ಮಸೂರವು ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಹಿಂಡಿ ಫಿಲ್ಮಿನ ಮೇಲೆ ಮೂಡಿಸುತ್ತಿತ್ತು. ಪ್ರೊಜೆಕ್ಟರಿನ ಮಸೂರ ಅದನ್ನು ಪುನಃ ಹಿಗ್ಗಿಸುತ್ತಿತ್ತು.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಗುರುದತ್ತರ 'ಕಾಗಜ್ ಕೆ ಫೂಲ್' (1959). ಅದರ ಛಾಯಾಗ್ರಾಹಕರು ಮೈಸೂರಿನಲ್ಲಿ ಹುಟ್ಟಿದ ನಮ್ಮ ವಿ.ಕೆ. ಮೂರ್ತಿಯವರು; 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಕನ್ನಡಕ್ಕೆ ಸ್ಕೋಪ್ ಬರಲು 1977ರ 'ಸೊಸೆ ತಂದ ಸೌಭಾಗ್ಯ'ದವರೆಗೆ ಕಾಯಬೇಕಾಯಿತು. ಆಗ ನನಗೆ ಹದಿನೆಂಟು. ಕುಂದಾಪುರದ ಟಾಕೀಸಿನಲ್ಲಿ ನೆಲದ ಟಿಕೇಟಿನಲ್ಲಿ ಮುಂದೆ ಕುಳಿತು, ಪರದೆಯ ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸಿ ನೋಡಿದ ಬೆರಗು ಇನ್ನೂ ಹಾಗೆಯೇ ಇದೆ.

1980ರ ದಶಕದಲ್ಲಿ ಮುಂಬಯಿಯ ಹೋಟೆಲುಗಳಿಂದಲೂ ಕೊಲ್ಲಿ ದೇಶಗಳಿಂದಲೂ ಊರಿಗೆ ಬಂದವರ ಮನೆಗಳಿಗೆ ವಿಸಿಆರ್ ಬಂತು. ಒಂದು ರಾತ್ರಿಗೆ ಬಾಡಿಗೆ ತಂದು ಮೂರು ಸಿನಿಮಾ ನೋಡಿ, ಬೆಳಿಗ್ಗೆ ಕೆಂಗಣ್ಣಿನಲ್ಲಿ ಶಾಲೆಗೆ ಬಂದವರಲ್ಲಿ ನೀವೂ ಇದ್ದೀರಿ! ಈಗ ಒಂದು ಲೆಕ್ಕ. ಚಿತ್ರದ ಎತ್ತರ ಮೂರು ಅಡಿ ಎಂದು ಭಾವಿಸಿ. ಅಂದಿನ ಟಿವಿಯ ಅಗಲ ನಾಲ್ಕು ಅಡಿ, 2.35 ಪ್ರಮಾಣದ ಸ್ಕೋಪ್ ಚಿತ್ರದ ಅಗಲ ಏಳು ಅಡಿ. ಉಳಿದ ಮೂರು ಅಡಿಯನ್ನು ಇಡುವುದೆಲ್ಲಿ?

ಇಕ್ಕೆಲಗಳನ್ನು ಕತ್ತರಿಸಿ, ಮಾತನಾಡುವವರ ಕಡೆಗೆ ಚೌಕಟ್ಟನ್ನು ಸರಿಸುತ್ತ ಹೋಗುವುದು ಒಂದು ಉಪಾಯ. ಆಗ ನೂರರಲ್ಲಿ ನಲವತ್ತಮೂರು ಪಾಲು ಚಿತ್ರ ನಷ್ಟ. ಆಟದ ರಂಗಸ್ಥಳದಲ್ಲಿ ವೇಷವನ್ನು ಮಾತ್ರ ತೋರಿಸಿ, ಎದುರು ವೇಷವನ್ನು ಮರೆಮಾಡಿದಂತೆ. ಇನ್ನೊಂದು, ಹಿಂಡಿದ ಚಿತ್ರವನ್ನು ಹಾಗೆಯೇ ಬಿಡುವುದು. ಹೆಸರುಗಳೆಲ್ಲ ಹಿಡಿಸಲೆಂದು ಕೆಲವು ಕ್ಯಾಸೆಟ್ಟುಗಳಲ್ಲಿ ಆರಂಭದ ಭಾಗವನ್ನು ಹೀಗೆ ಬಿಡುತ್ತಿದ್ದರು. ನಾಯಕ ತೆಂಗಿನ ಮರದಂತೆ ನೀಳವಾಗಿದ್ದು, ಹೆಸರು ಮುಗಿದೊಡನೆ ಯಥಾಸ್ಥಿತಿಗೆ ಬರುತ್ತಿದ್ದ. ಮೂರನೆಯದು ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಇಡೀ ಅಗಲವನ್ನು ತೋರಿಸುವುದು. ಹುಡುಗ ತಂದದ್ದು ಇದನ್ನೇ.

ಪಟ್ಟಿಯನ್ನು ಕಂಡು ಮುಖ ಸಿಂಡರಿಸಿದ ನಮ್ಮದು ಬರಿಯ ಅಜ್ಞಾನವೂ ಅಲ್ಲ. ನಮ್ಮ ದೇಶದ ವಿಸಿಡಿಯಲ್ಲಿ ಚಿತ್ರಕ್ಕೆ ಇದ್ದದ್ದು 288 ಗೆರೆಗಳು ಮಾತ್ರ. ಪಟ್ಟಿ ಬಿಟ್ಟರೆ ಚಿತ್ರಕ್ಕೆ ಉಳಿಯುವುದು ಸುಮಾರು 163. ಸಣ್ಣ ಟಿವಿಯಲ್ಲಿ, ಹಿಂದಿನ ಬೆಂಚಿನವನಿಗೆ, ಅದು ಮಸುಕು ಮಸುಕೇ ಸರಿ. ಡಿವಿಡಿಯಲ್ಲಿ ಗೆರೆಗಳು 576 ಆದ ಮೇಲೆ ಪೂರ್ಣ ಚೌಕಟ್ಟು ಕಣ್ಣಿಗೆ ಹಿತವಾಯಿತು.

ಅನಂತರ ಟಿವಿಯೇ ಅಗಲವಾಗಿ 16:9 ಆಯಿತು. ನಮ್ಮ ಲೆಕ್ಕದಲ್ಲಿ ಐದೂಕಾಲು ಅಡಿಗಿಂತ ತುಸು ಹೆಚ್ಚು. ಈಗ ಕತ್ತರಿ ಹಳೆಯ ಚಿತ್ರಗಳ ಕಡೆಗೆ ತಿರುಗಿದೆ. 'ಬೇಡರ ಕಣ್ಣಪ್ಪ'ನ (1954) ಕಾಲದ ಚಿತ್ರವನ್ನು ಹಾಕಿದರೆ ಎರಡು ಬದಿಯಲ್ಲಿ ಖಾಲಿ ಉಳಿಯಬೇಕು, ಅದು ನ್ಯಾಯ. ಆದರೆ ಖಾಲಿ ಸಹಿಸದವರು ಚಿತ್ರವನ್ನು ಎಳೆದು ಮುಖಗಳನ್ನು ಚಪ್ಪಟೆ ಮಾಡುತ್ತಾರೆ, ಇಲ್ಲವೇ ತಲೆ ಮತ್ತು ಪಾದಗಳನ್ನು ಕತ್ತರಿಸುತ್ತಾರೆ. ನಾನು 2003ರಲ್ಲಿ ಮಾಡಿದ ತಪ್ಪೇ, ದಿಕ್ಕು ಮಾತ್ರ ಬೇರೆ.

ಮೂಲ ನೆಗೆಟಿವ್ ಉಳಿದಿದ್ದರೆ ತಿದ್ದಿಕೊಳ್ಳಲು ದಾರಿಯುಂಟು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಹಾಗೆ ಉಳಿದ ನೆಗೆಟಿವ್‌ನಿಂದ ಪುನರುದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಮೂಲ ಕಳೆದುಹೋದ ಚಿತ್ರಗಳ ಪಾಲಿಗೆ ಆ ಕತ್ತರಿಸಿದ ಕ್ಯಾಸೆಟ್ಟೇ ಕೊನೆಯ ಸಾಕ್ಷಿ. ಆದುದರಿಂದ ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್, ಸಿಡಿಗಳಿದ್ದರೆ ಎಸೆಯುವ ಮೊದಲು ಒಮ್ಮೆ ನೋಡಿ. ಕಪ್ಪು ಪಟ್ಟಿ ಇರುವುದನ್ನಂತೂ ಎಸೆಯಲೇಬೇಡಿ.

ಪರದೆ ತುಂಬಿದರೆ ಚಿತ್ರ ಪೂರ್ಣವೆಂದು ಪಾಠ ಹೇಳುವ ನಾನೇ ನಂಬಿದ್ದೆ. ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಅವನಿಗೆ, "ಅಂದು ನೀನು ಹೇಳಿದ್ದೇ ಸರಿ ಮಾರಾಯ" ಎಂದೆ. ಗದರಿದ್ದು ನಲವತ್ತು ಮಕ್ಕಳ ಎದುರಿಗೆ. ಒಪ್ಪಿಕೊಂಡದ್ದು ಅವನೊಬ್ಬನ ಕಿವಿಯಲ್ಲಿ. ಅದು ಸಮವಾಗಲಿಲ್ಲವೆಂದು ತೋರಿ, ಇಲ್ಲಿ ನಿಮ್ಮೆಲ್ಲರ ಎದುರಿಗೆ ಇನ್ನೊಮ್ಮೆ ಹೇಳಿದ್ದೇನೆ.