ಪ್ರಿಂಟರು ನಮ್ಮ ಹತ್ತಿರ ಬಂದ ದಾರಿ



ಸಂಘದ ಸಾಲ, ಷೇರು, ಗೊಬ್ಬರದ ವಿಚಾರವನ್ನು ಬೇರೆ ನಿರ್ದೇಶಕರು ಬರೆಯುತ್ತಾರೆ. ಆ ಲೆಕ್ಕವನ್ನೆಲ್ಲ ಅಚ್ಚು ಮಾಡಿ ನಮ್ಮ ಕೈಗೆ ಕೊಡುವ ಪ್ರಿಂಟರಿನ ಬಗ್ಗೆ ನಾನು ಎರಡು ಮಾತು ಬರೆಯುತ್ತೇನೆ. ರೈತನಿಗೆ ಬಾಯಿಮಾತಿಗಿಂತ ಕೈಲಿರೋ ಕಾಗದವೇ ಆಧಾರ.

ಹಿಂದೆ ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಕೈಬರಹ. ಬೆಳೆಸಾಲಕ್ಕೆ ಅರ್ಜಿ ಹಾಕಬೇಕಾದರೆ ಅವರು ಸಿಗೋ ತನಕ ಕಾಯಬೇಕಿತ್ತು. ಮುಂಗಾರು ಮಳೆ ಕಾಯುತ್ತದೆಯೇ? 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಬಂತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಕಂಪ್ಯೂಟರ್ ಪಹಣಿ ಸಿಗುವಂತಾಯಿತು. ಆದರೆ ಆಗ ಒಂದು ತಾಲ್ಲೂಕಿನ ದಾಖಲೆ ಆ ತಾಲ್ಲೂಕಿನ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಚಿತ್ರದುರ್ಗವಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಾಗಲಿ, ಪ್ರಿಂಟರು ಇದ್ದಲ್ಲಿಗೆ ರೈತನೇ ಹೋಗಬೇಕು. ಬಸ್ ಚಾರ್ಜು, ಒಂದು ದಿನದ ಕೂಲಿ ಸೇರಿದರೆ ಆ ಪಹಣಿ ದುಬಾರಿಯೇ ಆಗುತ್ತಿತ್ತು.

ಮುಂದೆ ತಾಲ್ಲೂಕುಗಳ ದಾಖಲೆಯನ್ನು ಬೆಂಗಳೂರಿನ ಕೇಂದ್ರಕ್ಕೆ ಜೋಡಿಸಿದರು. 2006ರ ಹೊತ್ತಿಗೆ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ಬಂದವು, 2012ರ ಕೊನೆಯಿಂದ ಆ ಕೆಲಸ ನಾಡಕಚೇರಿಗೆ ಬಂತು. ದಾಖಲೆ ದೂರದಲ್ಲಿದ್ದರೂ ಕಾಗದ ಹತ್ತಿರದಲ್ಲೇ ಅಚ್ಚಾಗುತ್ತದೆ. ನೆಟ್‌ವರ್ಕ್ ಅನ್ನೋದು ಇದನ್ನೇ.

ಈ ಜೋಡಣೆಯ ಮೂಲವೂ ಪ್ರಿಂಟರೇ. ನಾವು ನಕಲು ತೆಗೆಸೋದಕ್ಕೆ ಜೆರಾಕ್ಸ್ ಅಂತೀವಲ್ಲ, ಅದೇ ಹೆಸರಿನ ಅಮೆರಿಕದ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಹಲವು ಕಂಪ್ಯೂಟರುಗಳನ್ನು ಒಂದೇ ಲೇಸರ್ ಪ್ರಿಂಟರಿಗೆ ಕೂಡಿಸಬೇಕಾಗಿತ್ತು. ಅದಕ್ಕಾಗಿ 1973ರಲ್ಲಿ ಬಾಬ್ ಮೆಟ್ಕಾಫ್ ಎಂಬುವರು ‘ಈಥರ್ನೆಟ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಇವತ್ತು ಕಚೇರಿಗಳಲ್ಲಿ ಕಾಣೋ ವೈರುಗಳು ಆ ವಂಶದವೇ.

ನಮ್ಮ ಸಂಘದಲ್ಲಿ ಮೊದಲಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ದಪ್ಪ ಕೇಬಲಿನಿಂದ ಒಂದೇ ಕಂಪ್ಯೂಟರಿಗೆ ಕಟ್ಟಿದ್ದರು, ಗೂಟಕ್ಕೆ ಎತ್ತು ಕಟ್ಟಿದ ಹಾಗೆ. ಈಗ ರೂಟರ್ ಮೂಲಕ ಎರಡು ಕಂಪ್ಯೂಟರಿಗೂ ಒಂದೇ ಪ್ರಿಂಟರು ಸಾಕು. ಮನೆಗೆ ಡೋರ್ ನಂಬರ್ ಇದ್ದಂತೆ ಪ್ರಿಂಟರಿಗೂ ಒಂದು ನಂಬರ್ ಇರುತ್ತದೆ, ಅದಕ್ಕೆ ಐಪಿ ವಿಳಾಸ ಅಂತಾರೆ. ಕರೆಂಟು ಹೋಗಿ ಬಂದಾಗ ರೂಟರ್ ಕೆಲವೊಮ್ಮೆ ಬೇರೆ ನಂಬರ್ ಕೊಟ್ಟುಬಿಡುತ್ತದೆ. ಕಂಪ್ಯೂಟರು ಹಳೇ ಮನೆ ಬಾಗಿಲನ್ನೇ ತಟ್ಟುತ್ತಿರುತ್ತದೆ, ರಸೀದಿ ಬರೋದಿಲ್ಲ. ಪ್ರಿಂಟರಿಗೆ ಬದಲಾಗದ ಒಂದು ನಂಬರ್ ಕೊಡಿಸಿ, ಅದನ್ನು ಚೀಟಿಯಲ್ಲಿ ಬರೆದು ಅಂಟಿಸಿದರೆ ಈ ತೊಂದರೆ ತಪ್ಪುತ್ತದೆ. ಮನೇಲಿ ಪ್ರಿಂಟರು ಇಟ್ಟಿರುವ ಹುಡುಗರಿಗೂ ಇದೇ ಮಾತು.

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳ್ಳಿಯ ಸಂಘದ ಲೆಕ್ಕವೂ ಮೇಲಿನ ಬ್ಯಾಂಕುಗಳಿಗೆ ಜೋಡಣೆಯಾಗಲಿ ಎಂಬುದು ಇದರ ಉದ್ದೇಶ. ಹಾಗಾದಾಗ ಒಳ್ಳೆಯ ಲೆಕ್ಕ ಬೇಗ ಹೋಗುತ್ತದೆ, ತಪ್ಪು ಲೆಕ್ಕವೂ ಅಷ್ಟೇ ಬೇಗ ಹೋಗುತ್ತದೆ. ಒಂದು ಅಂಕಿ ತಪ್ಪಿದರೆ ತೀರಿಸಿದ ಸಾಲವೂ ಬಾಕಿ ಅಂತ ಕಾಣುತ್ತದೆ, ಮುಂದಿನ ಬೆಳೆಸಾಲಕ್ಕೆ ಕುತ್ತು ಬರುತ್ತದೆ.

ಆದ್ದರಿಂದ ದುಡ್ಡು ಕಟ್ಟಿದ ಮೇಲೆ ರಸೀದಿ ಇಲ್ಲದೆ ಮೆಟ್ಟಿಲು ಇಳಿಯಬೇಡಿ. ಹೆಸರು, ಸರ್ವೆ ನಂಬರ್, ಮೊತ್ತ ಮೂರನ್ನೂ ಅಲ್ಲೇ ನೋಡಿ. ಓದಲು ಬಾರದ ಹಿರಿಯರಿಗೆ, ತಾಯಂದಿರಿಗೆ ಸಿಬ್ಬಂದಿಯೇ ಓದಿ ಹೇಳಬೇಕೆಂದು ನಿರ್ದೇಶಕನಾಗಿ ನನ್ನ ವಿನಂತಿ.

ಜೈ ಸಹಕಾರ.