ಸಾಹಿತ್ಯವೂ ಅವರದೇ, ಸಂಗೀತವೂ ಅವರದೇ: ಹಂಸಲೇಖ ನಡೆದು ಬಂದ ದಾರಿ

ನವೆಂಬರ್ 1 ಬಂತೆಂದರೆ ಆಟೋ ಸ್ಟ್ಯಾಂಡ್‌ನಿಂದ ಹಿಡಿದು ಶಾಲೆ ಮೈದಾನದವರೆಗೆ ಎಲ್ಲ ಮೈಕ್‌ಗಳಲ್ಲೂ 'ಆಕಸ್ಮಿಕ' ಸಿನಿಮಾದ ಕನ್ನಡ ನಾಡಿನ ಹಾಡು ಕೇಳಿಸುತ್ತೆ. ಸಿನಿಮಾ ಬಂದಿದ್ದು 1993ರಲ್ಲಿ. ಹಾಡಿದವರು ಡಾ. ರಾಜ್‌ಕುಮಾರ್ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಬರೆದವರು ಯಾರು, ಸಂಗೀತ ಯಾರದು ಅಂತ ಕೇಳಿದರೆ ಎರಡಕ್ಕೂ ಉತ್ತರ ಒಂದೇ: ಹಂಸಲೇಖ.

ಶುರುವಾಗಿದ್ದು ಪೆನ್ನಿನಿಂದ

ಹುಟ್ಟಿದ್ದು 1951ರ ಜೂನ್ 23. ಮೂಲ ಹೆಸರು ಗಂಗರಾಜು. ಸಿನಿಮಾಕ್ಕೆ ಬಂದಿದ್ದು ಹಾಡು ಬರೆಯುವವರಾಗಿ, 70ರ ದಶಕದ 'ತ್ರಿವೇಣಿ' ಚಿತ್ರಕ್ಕೆ. ಆದರೆ ಹೆಸರು ಬರೋಕೆ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. 1985ರಲ್ಲಿ ರವಿಚಂದ್ರನ್ ನಟಿಸಿದ 'ನಾನು ನನ್ನ ಹೆಂಡ್ತಿ' ಬಂತು. ಸಂಗೀತ ಶಂಕರ್–ಗಣೇಶ್ ಅವರದು, ಹಾಡು ಬರೆದದ್ದು ಹಂಸಲೇಖ. ಹಾಡುಗಳು ಗೆದ್ದವು.

ಎರಡೇ ವರ್ಷಕ್ಕೆ, 1987ರಲ್ಲಿ, ರವಿಚಂದ್ರನ್ ತಾವೇ ನಿರ್ದೇಶಿಸಿದ 'ಪ್ರೇಮಲೋಕ'ಕ್ಕೆ ಸಾಹಿತ್ಯ, ಸಂಗೀತ ಎರಡನ್ನೂ ಹಂಸಲೇಖ ಕೈಗೆ ಕೊಟ್ಟರು. ಕಾಲೇಜು ಹುಡುಗ–ಹುಡುಗಿ ಎದುರುಬದುರು ನಿಂತು ಮಾತಾಡುವುದೇ ಹಾಡಾಯಿತು. ಕ್ಯಾಸೆಟ್ ಕಾಲ ಅದು. ಬಸ್ಸು, ಹೋಟೆಲ್ಲು, ಮದುವೆ ಮನೆ, ಎಲ್ಲಿ ಹೋದರೂ ಅದೇ ಹಾಡುಗಳು. ಆಮೇಲೆ 'ರಣಧೀರ', 'ರಾಮಾಚಾರಿ', 'ಪುಟ್ನಂಜ' ಅಂತ ಈ ಜೋಡಿ ಸಾಲಾಗಿ ಗೆದ್ದಿತು.

ಒಬ್ಬರೇ ಮಾಡಿದ್ದರಿಂದ ಏನು ಲಾಭ?

ಸಿನಿಮಾದಲ್ಲಿ ಸಾಮಾನ್ಯವಾಗಿ ಮೊದಲು ಟ್ಯೂನ್ ರೆಡಿ ಆಗುತ್ತೆ, ಆಮೇಲೆ ಸಾಹಿತಿ ಅದರ ಅಳತೆಗೆ ಪದ ಕೂರಿಸಬೇಕು. ಒಳ್ಳೆ ಪದ ಸಿಕ್ಕರೂ ಟ್ಯೂನಿಗೆ ಉದ್ದವಾದರೆ ಕತ್ತರಿಸಲೇಬೇಕು. ಎರಡೂ ಕೆಲಸ ಒಬ್ಬರದೇ ಆದಾಗ ಆ ತೊಂದರೆ ಇಲ್ಲ. ಪದಕ್ಕೆ ಬೇಕಾದಂತೆ ಟ್ಯೂನನ್ನೇ ತಿರುಗಿಸಬಹುದು. ಮನೆ, ಬೀದಿಯ ಆಡುಮಾತು ಅವರ ಹಾಡುಗಳಲ್ಲಿ ಸಲೀಸಾಗಿ ಕೂತಿದ್ದು ಹೀಗೆ. ಬಾಯಲ್ಲಿ ಬೇಗ ನಿಂತಿದ್ದಕ್ಕೂ ಇದೇ ಕಾರಣ.

ದೂರುಗಳೂ ಇದ್ದವು. ಕೆಲವು ಹಾಡುಗಳಲ್ಲಿ ಡಬಲ್ ಮೀನಿಂಗ್ ಜಾಸ್ತಿ, ಮನೆಯವರ ಜೊತೆ ಕೂತು ಕೇಳೋಕಾಗಲ್ಲ ಅಂದವರಿದ್ದರು. ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಸೈನಿಕನ ಕುಟುಂಬದ ಕಥೆಯ 'ಮುತ್ತಿನ ಹಾರ', ಹೆಂಗಸರು ಕಣ್ಣೊರೆಸಿಕೊಂಡು ನೋಡಿದ 'ಹಾಲುಂಡ ತವರು' ಇವುಗಳ ಹಾಡುಗಳೂ ಅದೇ ಪೆನ್ನಿನಿಂದ ಬಂದವು.

ದೊಡ್ಡ ಗೌರವ ಸಿಕ್ಕಿದ್ದು ಗದುಗಿನ ಅಂಧ ಗಾಯಕರೊಬ್ಬರ ಕಥೆಯಿಂದ. 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರಕ್ಕೆ 1995ರ ಸಾಲಿನ ಅತ್ಯುತ್ತಮ ಸಂಗೀತ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು. ಅದೇ ಚಿತ್ರದ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅತ್ಯುತ್ತಮ ಗಾಯಕರಾದರು.

ಕಾಲ ಬದಲಾಯಿತು

2000ದ ನಂತರ ಹೊಸ ಸಂಗೀತ ನಿರ್ದೇಶಕರು, ಹೊಸ ಸಾಹಿತಿಗಳು ಬಂದರು. 2002ರ 'ಏಕಾಂಗಿ'ಗೆ ರವಿಚಂದ್ರನ್ ತಾವೇ ಸಂಗೀತ ಮಾಡಿಕೊಂಡರು. ಹಂಸಲೇಖ ಸಿನಿಮಾಗಳು ಕಡಿಮೆಯಾಗುತ್ತಾ ಬಂದವು. ಆದರೂ ಅವರು ಮರೆಯಾಗಲಿಲ್ಲ. ಝೀ ಕನ್ನಡದ 'ಸರಿಗಮಪ'ದಲ್ಲಿ ಮಹಾಗುರುವಾಗಿ ಕೂತು, ಕ್ಯಾಸೆಟ್ಟನ್ನೇ ನೋಡದ ಮಕ್ಕಳ ಹಾಡು ಕೇಳಿ ತಿದ್ದಿದರು. 2023ರ ಮೈಸೂರು ದಸರಾ ಉದ್ಘಾಟಿಸಿದವರೂ ಅವರೇ.

ಊರಿನ ಆರ್ಕೆಸ್ಟ್ರಾಗಳಲ್ಲಿ ಈಗಲೂ ಅವರ ಹಾಡಿಲ್ಲದೆ ಕಾರ್ಯಕ್ರಮ ಮುಗಿಯಲ್ಲ. ಮೈಕ್ ಹಿಡಿದವರು ಹೀರೋ ಹೆಸರು ಹೇಳ್ತಾರೆ, ಗಾಯಕರ ಹೆಸರು ಹೇಳ್ತಾರೆ, ಹಾಡು ಶುರು ಮಾಡ್ತಾರೆ. ಬರೆದವರ ಹೆಸರು ಅಲ್ಲೇ ಬಿಟ್ಟುಹೋಗುತ್ತೆ. ಈ ಸಲ ರಾಜ್ಯೋತ್ಸವದ ವೇದಿಕೆಯಲ್ಲಿ ಅದನ್ನೂ ಒಮ್ಮೆ ಹೇಳಿದರೆ ಯಾರಿಗೂ ಖರ್ಚಿಲ್ಲ.