ತೊಲೆ ಇಲ್ಲದ ಚರ್ಚು

ಮೂವತ್ತೊಂದು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರಾಗಿದ್ದವನು ನಾನು. ಗುಡಿಗೆ ಹೋದರೂ ಛತ್ರಕ್ಕೆ ಹೋದರೂ ಮೊದಲು ಕತ್ತೆತ್ತಿ ಚಾವಣಿ ನೋಡುವ ಚಾಳಿ ಹೋಗಿಲ್ಲ. "ದೇವರು ಎದುರಿಗಿದೆ ಕಣ್ರೀ, ಮೇಲೇನು ನೋಡ್ತೀರಿ?" ಅಂತ ಮನೆಯವಳು ಈಗಲೂ ಬೈಯುತ್ತಾಳೆ.

ಚೆನ್ನೈನ ಮಗಳ ಮನೆಗೆ ಹೋದಾಗ ಅಳಿಯಂದಿರು ಒಂದು ದಿನ ಸೇಂಟ್ ಜಾರ್ಜ್ ಕೋಟೆಗೆ ಕರೆದುಕೊಂಡು ಹೋದರು. ಕೋಟೆಯೊಳಗೆ ಈಗ ತಮಿಳುನಾಡಿನ ಸಚಿವಾಲಯವಿದೆ. ಬಾಗಿಲಲ್ಲಿ ತಪಾಸಣೆ, ಒಳಗೆ ಫೈಲು ಹಿಡಿದು ಓಡಾಡುವ ಜನ. ಅವರನ್ನೆಲ್ಲ ದಾಟಿ ಹೋದರೆ ಬೆಳ್ಳಗೆ ನಿಂತಿರುವುದು ಸೇಂಟ್ ಮೇರೀಸ್ ಚರ್ಚು. ಸೂಯೆಜ್‌ನಿಂದ ಪೂರ್ವಕ್ಕೆ ಇದಕ್ಕಿಂತ ಹಳೆಯ ಆಂಗ್ಲಿಕನ್ ಚರ್ಚು ಇನ್ನೊಂದಿಲ್ಲ. 1678ರ ಮಾರ್ಚ್ 25ರಂದು ಕೆಲಸ ಶುರುವಾಯಿತು, 1680ರ ಅಕ್ಟೋಬರ್ 28ರಂದು ಪ್ರತಿಷ್ಠೆಯಾಯಿತು. ಎರಡೂವರೆ ವರ್ಷ. ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟಿರಲಿಲ್ಲ. ಆಗಿನ ಗವರ್ನರ್ ಸ್ಟ್ರೇನ್‌ಶಾಮ್ ಮಾಸ್ಟರ್ ಮುಂದೆ ನಿಂತು ಊರಿನ ಇಂಗ್ಲಿಷರಿಂದ ಚಂದಾ ಎತ್ತಿ ಕಟ್ಟಿಸಿದ. ಚಂದಾ ಎತ್ತಿದ ಕೆಲಸ ಎರಡೂವರೆ ವರ್ಷಕ್ಕೆ ಮುಗಿದದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ.

ಒಳಗೆ ಕಾಲಿಟ್ಟು ಎಂದಿನಂತೆ ಕತ್ತೆತ್ತಿದೆ. ತೊಲೆ ಕಾಣಲಿಲ್ಲ, ಜಂತೆಯೂ ಕಾಣಲಿಲ್ಲ. ಉದ್ದಕ್ಕೆ ಸೀಳಿದ ಪೀಪಾಯಿಯನ್ನು ಬೋರಲು ಹಾಕಿದ ಹಾಗೆ ಮೂರು ಇಟ್ಟಿಗೆ ಕಮಾನುಗಳು ಅಕ್ಕಪಕ್ಕ ಓಡುತ್ತವೆ. ನಡುವಿನದು ಜನ ಕೂರುವ ಅಂಕಣಕ್ಕೆ, ಆಚೀಚಿನವು ಪಡಸಾಲೆಗಳಿಗೆ. ಬಾಗಿಲು ಕಿಟಕಿ ಬಿಟ್ಟರೆ ಮೂಲ ಕಟ್ಟಡಕ್ಕೆ ಮರವನ್ನೇ ಬಳಸಿಲ್ಲ. ಯಾಕೆಂದರೆ ಮರಕ್ಕೆ ಬೆಂಕಿ ಹತ್ತುತ್ತದೆ. ಸಮುದ್ರದಿಂದ ಗುಂಡು ಬಂದು ಬಿದ್ದರೂ ಒಳಗಿದ್ದವರ ತಲೆ ಉಳಿಯಬೇಕು ಎಂಬ ಲೆಕ್ಕ ಅದು. ನಕ್ಷೆ ಯಾರದು ಎಂದು ಕೇಳಿದರೆ ಎರಡು ಹೆಸರು ಹೇಳುತ್ತಾರೆ. ಅದರಲ್ಲಿ ಒಬ್ಬ ವಿಲಿಯಂ ಡಿಕ್ಸನ್, ಕೋಟೆಯ ಫಿರಂಗಿ ಮುಖ್ಯಸ್ಥ. ನನ್ನ ಓಟು ಅವನಿಗೇ. ಗುಂಡು ಎಲ್ಲಿ ಬೀಳುತ್ತದೆ, ಎಷ್ಟು ಕೊರೆಯುತ್ತದೆ ಎಂದು ಗೊತ್ತಿದ್ದವನೇ ಇಂಥ ಚಾವಣಿ ಹಾಕಲು ಸಾಧ್ಯ. ಅದರ ದಪ್ಪ 2 ಅಡಿ.

ಗೋಡೆ ಅಳೆಯಬೇಕೆನಿಸಿತು. ಟೇಪು ಮಗಳ ಮನೆಯಲ್ಲೇ ಮರೆತಿದ್ದೆ. ಕಿಟಕಿಯ ಮಗ್ಗುಲಿಗೆ ಕೈ ಇಟ್ಟು ಗೇಣು ಹಾಕತೊಡಗಿದೆ. ನನ್ನ ಗೇಣು ಸರಿಯಾಗಿ ಒಂಬತ್ತಿಂಚು. ಸೈಟಿನಲ್ಲಿ ಎಷ್ಟೋ ಕಂಟ್ರಾಕ್ಟರುಗಳ ಗೋಡೆಯನ್ನು ಹೀಗೇ ಹಿಡಿದಿದ್ದೇನೆ. ಐದು ಗೇಣು, ಮೇಲೆ ನಾಲ್ಕು ಬೆರಳು. ಅಂದರೆ 4 ಅಡಿ. ಇದು ಬರೀ ಗುಂಡಿನ ಭಯಕ್ಕೆ ಕೊಟ್ಟ ದಪ್ಪವಲ್ಲ. ಕಮಾನು ಸುಮ್ಮನೆ ಕೂರುವುದಿಲ್ಲ, ತನ್ನ ಭಾರವನ್ನು ಪಕ್ಕಕ್ಕೆ ಒದೆಯುತ್ತದೆ. ಹೊರಗೋಡೆ ತೆಳ್ಳಗಿದ್ದರೆ ಹೊಟ್ಟೆ ಬಿಟ್ಟುಕೊಂಡು ಬೀಳುತ್ತಿತ್ತು. ಒಂದೇ ದಪ್ಪದಲ್ಲಿ ಒಳಗಿನ ಒದೆತವನ್ನೂ ಹೊರಗಿನ ಗುಂಡನ್ನೂ ತಡೆದಿದ್ದಾನೆ ಪುಣ್ಯಾತ್ಮ. ಹೊರಗಿನ ಗೋಪುರ ಮಾತ್ರ ಆಮೇಲಿನದು, 1701ರ ಹೊತ್ತಿನದು. ಚೂಪು ಶಿಖರ ಇನ್ನೂ ಈಚಿನದು. ಅದು ಚೆಂದಕ್ಕೆ ಇದೆ, ಅಷ್ಟೆ.

ಜ್ಞಾನಸ್ನಾನದ ಕಲ್ಲು ಬಾನಿ ಪಲ್ಲಾವರದ ಕರಿಕಲ್ಲಿನದು. ಕಲ್ಕತ್ತದ ಜಾಬ್ ಚಾರ್ನಕ್‌ನ ಮೂವರು ಹೆಣ್ಣುಮಕ್ಕಳಿಗೆ 1689ರಲ್ಲಿ ಜ್ಞಾನಸ್ನಾನವಾದದ್ದು ಇದೇ ಚರ್ಚಿನಲ್ಲಿ. ಕಲ್ಕತ್ತದಲ್ಲಿ ಅವನ ಸಮಾಧಿಗೆ ಹಾಕಿದ್ದೂ ಮದ್ರಾಸು ಕಡೆಯ ಕಲ್ಲೇ. ಭೂವಿಜ್ಞಾನಿಗಳು ಆ ಜಾತಿಯ ಕಲ್ಲಿಗೆ ಚಾರ್ನಕೈಟ್ ಎಂದು ಹೆಸರಿಟ್ಟರು. ನಮ್ಮ ಬಿಳಿಗಿರಿರಂಗನ ಬೆಟ್ಟವೂ ಅದೇ ಕಲ್ಲು. ರಾಬರ್ಟ್ ಕ್ಲೈವ್ 1753ರಲ್ಲಿ ಇಲ್ಲಿ ಮದುವೆಯಾದ. ಅವನಿಗಿಂತ ಮೊದಲು, ಚರ್ಚು ತೆರೆದ ವಾರಕ್ಕೇ, ಎಲಿಹು ಯೇಲ್ ಮದುವೆಯಾದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೆಸರು ಇವನದೇ.

ಗೋಡೆಗೆ ಗೇಣು ಹಾಕುತ್ತಿದ್ದ ನನ್ನನ್ನು ನೋಡಿ ಚರ್ಚಿನ ಒಬ್ಬ ಹಿರಿಯರು ಹತ್ತಿರ ಬಂದರು. "ಎಂದ ಊರು?" ಅಂದರು. ಶ್ರೀರಂಗಪಟ್ಟಣ ಅಂದೆ. "ಓ, ಹೈದರ್ ಊರಾ!" ಎಂದು ನಕ್ಕು, ಬನ್ನಿ ಎಂದು ಕೈ ಮಾಡಿ ಹೊರಗೆ ಕರೆದುಕೊಂಡು ಹೋದರು.

ಅಂಗಳಕ್ಕೆಲ್ಲ ಸಮಾಧಿ ಕಲ್ಲು ಹಾಸಿದೆ. ಇಂಗ್ಲಿಷು, ಲ್ಯಾಟಿನ್ನು, ಪೋರ್ಚುಗೀಸು, ಅರ್ಮೇನಿಯನ್ನು. 1652ರಲ್ಲಿ ತೀರಿಕೊಂಡ ಎಲಿಜಬೆತ್ ಬೇಕರ್ ಎಂಬಾಕೆಯದೂ ಇದೆ. ಕೆಳಗೆ ಮಾತ್ರ ಯಾರೂ ಇಲ್ಲ. ಈ ಕಲ್ಲುಗಳಲ್ಲಿ ಹೆಚ್ಚಿನವು ಕೋಟೆಯ ಹೊರಗಿನ ಹಳೆಯ ಸ್ಮಶಾನದವು. 1758ರ ಡಿಸೆಂಬರಿನಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಮುತ್ತಿಗೆ ಹಾಕಿದಾಗ ಅವನ ಸಿಪಾಯಿಗಳು ಆ ಗೋರಿಗಳ ಮರೆಯಲ್ಲೇ ನಿಂತು ಗುಂಡು ಹಾರಿಸಿದರು. ಮುತ್ತಿಗೆ ತೆರವಾದ ಮೇಲೆ ಇಂಗ್ಲಿಷರು ಎರಡನ್ನು ಬಿಟ್ಟು ಉಳಿದ ಗೋರಿಗಳನ್ನು ಒಡೆದುಹಾಕಿ, ಹೆಸರು ಕೆತ್ತಿದ ಚಪ್ಪಡಿಗಳನ್ನು ತಂದು ಇಲ್ಲಿ ಹಾಸಿದರು.

ಹಿರಿಯರು ನಕ್ಕದ್ದು ಮುಂದಿನ ಕತೆಗೆ. ಹೈದರ್ ಅಲಿ 1769ರಲ್ಲಿ ಮದ್ರಾಸಿನ ಹೊಸ್ತಿಲಿಗೇ ಬಂದು ತನಗೆ ಬೇಕಾದ ಒಪ್ಪಂದ ಬರೆಸಿಕೊಂಡು ಹೋಗಿದ್ದ. 1780ರಲ್ಲಿ ಮತ್ತೆ ಘಟ್ಟ ಇಳಿದ. ಆ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಮಣ್ಣುಮುಕ್ಕಿತು. ನಮ್ಮ ದರಿಯಾ ದೌಲತ್ತಿನ ಗೋಡೆಯ ಮೇಲಿರುವುದು ಅದೇ ಯುದ್ಧ. ಆ ಹೆದರಿಕೆಯಲ್ಲಿ, 1782ರಲ್ಲಿ, ಅಂಗಳದ ಚಪ್ಪಡಿಗಳನ್ನು ಕಿತ್ತು ಕೋಟೆಗೋಡೆಯ ಮೇಲೆ ಫಿರಂಗಿ ಕೂರಿಸಲು ಸಾಗಿಸಿದರು. ಹೈದರ್ ಅದೇ ಡಿಸೆಂಬರಿನಲ್ಲಿ ತೀರಿಕೊಂಡ. ಕಲ್ಲುಗಳು ಅಂಗಳಕ್ಕೆ ಮರಳಿದ್ದು ತಡವಾಗಿ. ಯಾರದೋ ಹೆಂಡತಿ, ಯಾರದೋ ಕೂಸು ಎಂದು ಕೆತ್ತಿದ ಕಲ್ಲು ನಮ್ಮೂರಿನವನ ಭಯಕ್ಕೆ ಎದ್ದು ಹೋಗಿ ಬಂದಿದೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ನಡೆದೆ.

ಮತ್ತೆ ಒಳಗೆ ಬಂದು ಅಮೃತಶಿಲೆಯ ಸ್ಮಾರಕಗಳನ್ನು ನೋಡಿದೆವು. ಒಂದು ಪಾದ್ರಿ ಶ್ವಾರ್ಟ್ಸ್‌ನದು. 1779ರಲ್ಲಿ ಮದ್ರಾಸು ಸರ್ಕಾರ ಹೈದರನ ಹತ್ತಿರ ಮಾತಿಗೆ ಕಳಿಸಿದ್ದು ಇವನನ್ನೇ, ಶ್ರೀರಂಗಪಟ್ಟಣದವರೆಗೂ ಬಂದಿದ್ದ. ಇನ್ನೊಂದು ಜೋಸಯ್ಯ ವೆಬ್‌ನದು, ಶಿಲ್ಪಿ ಫ್ಲಾಕ್ಸ್‌ಮನ್ ಕೆತ್ತಿದ್ದು. ಹೆಸರು ಓದಿ ನಿಂತುಬಿಟ್ಟೆ. ವೆಬ್ ಮದ್ರಾಸು ಸರ್ಕಾರದ ಕಾರ್ಯದರ್ಶಿಯಾಗಿದ್ದವನು. 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಟಿಪ್ಪುವಿನ ಮೇಲೆ ದಂಡೆತ್ತಲು ಹೊರಟಾಗ, ಈಗ ಬೇಡ ಎಂದು ಬರೆದುಕೊಟ್ಟವನು. ಅವನ ಮಾತು ನಡೆಯಲಿಲ್ಲ. ಮರುವರ್ಷ ಪಟ್ಟಣ ಬಿತ್ತು. ಆಮೇಲೆ ಅವನೇ ಮೈಸೂರಿಗೆ ರೆಸಿಡೆಂಟಾಗಿ ಬಂದ, 1804ರಲ್ಲಿ ಉತ್ತರದಲ್ಲೆಲ್ಲೋ ಸತ್ತ.

ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆ ಒಂದು ಎತ್ತರದ ಕಲ್ಲು ಕಂಬವಿದೆ. ಹುಡುಗನಾಗಿದ್ದಾಗ ಅದನ್ನು ನೋಡಿ, ಟಿಪ್ಪುವಿನದೇ ಇರಬೇಕು ಎಂದುಕೊಂಡಿದ್ದೆ. ಇಲಾಖೆ ಸೇರಿದ ಮೇಲೂ ಅದರ ಪಕ್ಕ ಎಷ್ಟೋ ಸಲ ಜೀಪಿನಲ್ಲಿ ಹೋಗಿದ್ದೇನೆ, ಇಳಿದು ಓದಿರಲಿಲ್ಲ. ಚೆನ್ನೈನಿಂದ ಬಂದ ವಾರದಲ್ಲಿ ಹೋಗಿ ಓದಿದೆ. ಕಂಬ ವೆಬ್‌ನ ನೆನಪಿನದು. ನಿಲ್ಲಿಸಿದವರು ದಿವಾನ್ ಪೂರ್ಣಯ್ಯ.